45 ಪಂದ್ಯಗಳ ಆಟಗಾರ



ಹಾಕಿ ಎಂದ ಕೂಡಲೇ ನಮಗೆ ನೆನಪಾಗುವುದು ಹಸಿರು ಮೈದಾನ, ಧ್ಯಾನ್‌ಚಂದ್ ಅವರ ಹೆಸರು, ನಮ್ಮ ಕೊಡಗಿನ ಆಟಗಾರರು. ಆದರೆ ಕೆನಡಾ ದೇಶದಲ್ಲಿ ಬರೀ 'ಹಾಕಿ' ಎಂದರೆ ಅದು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ನಮ್ಮಲ್ಲಿ ಗಲ್ಲಿಗಲ್ಲಿಯಲ್ಲಿ ಕ್ರಿಕೆಟ್ ಇರುವಂತೆ ಅಲ್ಲಿ ಮನೆಮನೆಯಲ್ಲೂ ಐಸ್ ಹಾಕಿ ಇದೆ. ಆ ಆಟದ ಅತಿ ದೊಡ್ಡ ವೃತ್ತಿಪರ ಲೀಗ್ ಎಂದರೆ ನ್ಯಾಷನಲ್ ಹಾಕಿ ಲೀಗ್, ಚಿಕ್ಕದಾಗಿ ಎನ್‌ಎಚ್‌ಎಲ್. ಅದರಲ್ಲಿ ಆಡಿದ ಒಬ್ಬ ಆಟಗಾರರ ಅಂಕಪಟ್ಟಿಯನ್ನು ಮೊದಲು ನೋಡೋಣ.

ಆಡಿದ ಪಂದ್ಯಗಳು 45. ಹೊಡೆದ ಗೋಲುಗಳು 4. ಗೋಲು ಹೊಡೆಯಲು ಇತರರಿಗೆ ನೆರವಾದದ್ದು 10 ಬಾರಿ.

ಇಷ್ಟೇ. ಈ ಲೀಗ್‌ನಲ್ಲಿ ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದವರಿದ್ದಾರೆ. ವೇಯ್ನ್ ಗ್ರೆಟ್ಜ್‌ಕಿ ಎಂಬ ಆಟಗಾರ ಒಬ್ಬರೇ 894 ಗೋಲು ಹೊಡೆದಿದ್ದಾರೆ. ಅದರ ಮುಂದೆ ನಾಲ್ಕು ಗೋಲು ಎಂದರೆ ಲೆಕ್ಕಕ್ಕೇ ಇಲ್ಲ. ಆದರೂ ಈ ನಾಲ್ಕು ಗೋಲಿನ ಆಟಗಾರರಿಗೆ 2018ರಲ್ಲಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿ ಸ್ಥಾನ ಸಿಕ್ಕಿತು. ಅವರು ಧರಿಸುತ್ತಿದ್ದ 22ನೇ ಸಂಖ್ಯೆಯ ಅಂಗಿಯನ್ನು ಇನ್ನು ಮುಂದೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಅವರ ತಂಡ 2021ರಲ್ಲಿ ಘೋಷಿಸಿತು. ಅವರ ಹೆಸರು ವಿಲ್ಲಿ ಓರೀ. ಅಂಕಪಟ್ಟಿ ಇಷ್ಟು ಚಿಕ್ಕದಿದ್ದರೂ ಗೌರವ ಇಷ್ಟು ದೊಡ್ಡದು ಏಕೆ ಎಂಬುದೇ ಈ ಲೇಖನದ ವಿಷಯ.

ಐಸ್ ಹಾಕಿ ಎಂದರೇನು?

ಓರೀ ಅವರ ಕಥೆ ಅರ್ಥವಾಗಬೇಕಾದರೆ ಆಟದ ಬಗ್ಗೆ ಸ್ವಲ್ಪ ತಿಳಿದಿರಬೇಕು. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಣ. ಸುತ್ತಲೂ ಎದೆಮಟ್ಟದ ಗಟ್ಟಿ ಗೋಡೆ. ಒಂದೊಂದು ತಂಡದಲ್ಲಿ ಗೋಲ್‌ಕೀಪರ್ ಸೇರಿ ಆರು ಜನ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್, ಕೈಯಲ್ಲಿ ಕೋಲು. ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅದರ ವ್ಯಾಸ 3 ಅಂಗುಲ, ದಪ್ಪ 1 ಅಂಗುಲ, ತೂಕ ಸುಮಾರು 160 ಗ್ರಾಂ. ಜೋರಾಗಿ ಹೊಡೆದರೆ ಅದು ಗಂಟೆಗೆ 150 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಹಾರುತ್ತದೆ. 20 ನಿಮಿಷಗಳ ಮೂರು ಅವಧಿಗಳಲ್ಲಿ ಆಟ ನಡೆಯುತ್ತದೆ. ಪಕ್ ಹಿಡಿದಿರುವ ಎದುರಾಳಿಗೆ ಭುಜದಿಂದ, ಮೈಯಿಂದ ಡಿಕ್ಕಿ ಹೊಡೆಯುವುದಕ್ಕೂ ಇಲ್ಲಿ ನಿಯಮದಲ್ಲೇ ಅವಕಾಶವಿದೆ.

ಓರೀ ಆಡುತ್ತಿದ್ದ ಕಾಲದಲ್ಲಿ ಆಟಗಾರರು ತಲೆಗೆ ಹೆಲ್ಮೆಟ್ ಹಾಕುತ್ತಿದ್ದದ್ದು ಬಹಳ ಅಪರೂಪ. ಹೊಸದಾಗಿ ಸೇರುವ ಆಟಗಾರರಿಗೆ ಎನ್‌ಎಚ್‌ಎಲ್ ಅದನ್ನು ಕಡ್ಡಾಯ ಮಾಡಿದ್ದು 1979ರಲ್ಲಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿತ್ತಲಿನ ಮಂಜುಗಡ್ಡೆ

ವಿಲ್ಲಿ ಓರೀ ಹುಟ್ಟಿದ್ದು 1935ರ ಅಕ್ಟೋಬರ್ 15ರಂದು, ಕೆನಡಾದ ಪೂರ್ವ ಭಾಗದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡೆರಿಕ್ಟನ್ ಪಟ್ಟಣದಲ್ಲಿ. ಹದಿಮೂರು ಮಕ್ಕಳ ಮನೆಯಲ್ಲಿ ಇವರೇ ಕೊನೆಯವರು. ಅವರ ಪೂರ್ವಜರು ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದವರು. ಆ ಪಟ್ಟಣದಲ್ಲಿ ಕಪ್ಪು ವರ್ಣೀಯ ಕುಟುಂಬಗಳು ಬೆರಳೆಣಿಕೆಯಷ್ಟೇ ಇದ್ದವು.

ಚಳಿಗಾಲದಲ್ಲಿ ತಂದೆ ಮನೆಯ ಹಿತ್ತಲಿಗೆ ನೀರು ಹಾಯಿಸುತ್ತಿದ್ದರು. ರಾತ್ರಿ ಕಳೆಯುವಷ್ಟರಲ್ಲಿ ಅದು ಹೆಪ್ಪುಗಟ್ಟಿ ಆಟದ ಅಂಗಣವಾಗುತ್ತಿತ್ತು. ಮೂರನೇ ವಯಸ್ಸಿನಲ್ಲಿ ಸ್ಕೇಟ್ ಕಟ್ಟಿಕೊಂಡ ವಿಲ್ಲಿ ಐದನೇ ವಯಸ್ಸಿಗೆ ತಂಡದಲ್ಲಿ ಆಡತೊಡಗಿದರು. ಬೇಸಿಗೆಯಲ್ಲಿ ಬೇಸ್‌ಬಾಲ್, ಚಳಿಗಾಲದಲ್ಲಿ ಹಾಕಿ. ಎರಡರಲ್ಲೂ ಅವರು ಚುರುಕು.

1949ರಲ್ಲಿ ಅವರ ಬೇಸ್‌ಬಾಲ್ ತಂಡ ಗೆದ್ದಾಗ ಹುಡುಗರನ್ನೆಲ್ಲ ನ್ಯೂಯಾರ್ಕ್ ನೋಡಲು ಕರೆದುಕೊಂಡು ಹೋದರು. ಅಲ್ಲಿ ಜಾಕಿ ರಾಬಿನ್ಸನ್ ಅವರ ಭೇಟಿಯಾಯಿತು. ಅಮೆರಿಕದ ಬೇಸ್‌ಬಾಲ್ ಮೇಜರ್ ಲೀಗ್ ದಶಕಗಳ ಕಾಲ ಕಪ್ಪು ವರ್ಣೀಯರನ್ನು ಹೊರಗಿಟ್ಟಿತ್ತು. 1947ರಲ್ಲಿ ಆ ಗೋಡೆಯನ್ನು ಒಡೆದವರು ಇದೇ ರಾಬಿನ್ಸನ್. ಹದಿಹರೆಯದ ವಿಲ್ಲಿ ಅವರ ಕೈ ಕುಲುಕಿ, ತಾನು ಬೇಸ್‌ಬಾಲ್ ಜೊತೆಗೆ ಹಾಕಿಯನ್ನೂ ಆಡುತ್ತೇನೆ ಎಂದು ಹೇಳಿದರು. ಹಾಕಿಯಲ್ಲಿ ಕಪ್ಪು ಆಟಗಾರರು ಇರುವುದು ತಮಗೆ ಗೊತ್ತೇ ಇರಲಿಲ್ಲ ಎಂದು ರಾಬಿನ್ಸನ್ ಅಚ್ಚರಿಪಟ್ಟರಂತೆ.

ಪ್ರತಿಭೆ ಇತ್ತು, ಬಾಗಿಲು ಇರಲಿಲ್ಲ

ಆದರೆ ಹಾಕಿಯಲ್ಲಿ ಕಪ್ಪು ಆಟಗಾರರು ಮೊದಲಿನಿಂದಲೂ ಇದ್ದರು. ಕೆನಡಾದ ನೋವಾ ಸ್ಕೋಶಿಯಾದಲ್ಲಿ 1895ರಷ್ಟು ಹಿಂದೆಯೇ ಕಪ್ಪು ವರ್ಣೀಯರು ತಮ್ಮದೇ ಒಂದು ಹಾಕಿ ಲೀಗ್ ಕಟ್ಟಿಕೊಂಡಿದ್ದರು. 1940ರ ದಶಕದಲ್ಲಿ ಟೊರಾಂಟೊದ ಹರ್ಬ್ ಕಾರ್ನೆಗಿ ಎಂಬ ಕಪ್ಪು ಆಟಗಾರ ಯಾವ ಬಿಳಿಯ ಆಟಗಾರನಿಗೂ ಕಡಿಮೆ ಇರಲಿಲ್ಲ. ಆದರೆ 1948ರಲ್ಲಿ ಎನ್‌ಎಚ್‌ಎಲ್ ತಂಡವೊಂದು ಅವರಿಗೆ ಮುಖ್ಯ ತಂಡದಲ್ಲಿ ಜಾಗ ಕೊಡಲಿಲ್ಲ. ಕೆಳಗಿನ ಲೀಗ್‌ನಲ್ಲಿ, ಅವರು ಆಗಲೇ ಗಳಿಸುತ್ತಿದ್ದುದಕ್ಕಿಂತ ಕಡಿಮೆ ಸಂಬಳಕ್ಕೆ ಆಡುವಂತೆ ಕೇಳಿತು. ಅವರು ಒಪ್ಪಲಿಲ್ಲ. ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಅವರ ಆಟದ ಬದುಕು ಮುಗಿಯಿತು. ಹಾಲ್ ಆಫ್ ಫೇಮ್ ಅವರನ್ನು ನೆನೆದದ್ದು 2022ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ.

ಇನ್ನೊಂದು ವಿಷಯವೂ ಇದೆ. ಆಗ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದು ಆರೇ ತಂಡಗಳು: ಮಾಂಟ್ರಿಯಲ್, ಟೊರಾಂಟೊ, ಬಾಸ್ಟನ್, ನ್ಯೂಯಾರ್ಕ್, ಡೆಟ್ರಾಯಿಟ್, ಶಿಕಾಗೋ. ಎಲ್ಲ ಸೇರಿ ನೂರಿಪ್ಪತ್ತರ ಆಸುಪಾಸಿನ ಸ್ಥಾನಗಳು. ಎರಡು ದೇಶಗಳ ಆಟಗಾರರೆಲ್ಲ ಅವುಗಳಿಗಾಗಿ ಪೈಪೋಟಿ ನಡೆಸುತ್ತಿದ್ದರು. ಕಪ್ಪು ಆಟಗಾರರು ಬರಬಾರದು ಎಂದು ಯಾವ ನಿಯಮ ಪುಸ್ತಕದಲ್ಲೂ ಬರೆದಿರಲಿಲ್ಲ. ಬರೆಯದೆಯೇ ಕೆಲಸ ನಡೆಯುತ್ತಿತ್ತು.

ಒಂದು ಪಕ್, ಒಂದು ಕಣ್ಣು

1955–56ರಲ್ಲಿ ಓರೀ ಒಂಟಾರಿಯೊ ಪ್ರಾಂತ್ಯದ ಕಿಚನರ್‌ನಲ್ಲಿ ಜೂನಿಯರ್ ತಂಡಕ್ಕೆ ಆಡುತ್ತಿದ್ದರು. ಒಂದು ಪಂದ್ಯದಲ್ಲಿ ಜೋರಾಗಿ ಬಂದ ಪಕ್ ಅವರ ಮುಖಕ್ಕೆ ಬಡಿಯಿತು. ಮೂಗು ಮುರಿಯಿತು, ಕೆನ್ನೆಯ ಮೂಳೆಗೆ ಪೆಟ್ಟಾಯಿತು, ಬಲಗಣ್ಣಿನ ದೃಷ್ಟಿ ಸುಮಾರು 95 ಶೇಕಡಾ ಹೋಯಿತು. ಇನ್ನು ಮುಂದೆ ಹಾಕಿ ಆಡುವಂತಿಲ್ಲ ಎಂದು ವೈದ್ಯರು ಹೇಳಿದರು. ಆಗ ಅವರಿಗೆ ಇಪ್ಪತ್ತು ವರ್ಷ.

ಒಂದು ಕಣ್ಣು ಹೋದರೆ ಏನಾಗುತ್ತದೆ? ಜೀವಶಾಸ್ತ್ರದ ಪಾಠ ನೆನಪಿಸಿಕೊಳ್ಳಿ. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕೋನದಿಂದ ನೋಡುತ್ತವೆ. ಆ ಎರಡು ಚಿತ್ರಗಳ ವ್ಯತ್ಯಾಸದಿಂದ ಮಿದುಳು ದೂರವನ್ನು ಲೆಕ್ಕ ಹಾಕುತ್ತದೆ. ಬೇಕಾದರೆ ಈಗಲೇ ಪ್ರಯೋಗ ಮಾಡಿ ನೋಡಿ: ಎರಡು ಕೈಗಳಲ್ಲಿ ಎರಡು ಪೆನ್ನು ಹಿಡಿದು, ಒಂದು ಕಣ್ಣು ಮುಚ್ಚಿ, ಕೈ ಚಾಚಿ ತುದಿಗೆ ತುದಿ ತಾಗಿಸಿ. ಹೆಚ್ಚಿನವರು ಮೊದಲ ಸಲ ತಪ್ಪುತ್ತಾರೆ. ಇನ್ನು ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಬರುವ ಬಿಲ್ಲೆಯನ್ನು ಓಡುತ್ತಾ ಕೋಲಿನಿಂದ ಹಿಡಿಯುವುದು ಎಷ್ಟು ಕಷ್ಟ ಎಂದು ಊಹಿಸಿ.

ಇದರ ಮೇಲೆ ಇನ್ನೊಂದು ತೊಡಕು. ಓರೀ ಆಡುತ್ತಿದ್ದದ್ದು ಎಡಬದಿಯ ಮುನ್ನಡೆ ಆಟಗಾರನ ಸ್ಥಾನದಲ್ಲಿ. ಎಡಗೋಡೆಯ ಪಕ್ಕದಲ್ಲಿ ಮುನ್ನುಗ್ಗುವ ಆಟಗಾರನಿಗೆ ಪಾಸ್ ಬರುವುದೂ ಬಲಗಡೆಯಿಂದ, ಎದುರಾಳಿಯ ಡಿಕ್ಕಿ ಬರುವುದೂ ಬಲಗಡೆಯಿಂದ. ಅವರಿಗೆ ಕಾಣದೇ ಇದ್ದದ್ದು ಅದೇ ಬಲಗಣ್ಣು. ಆದ್ದರಿಂದ ಪ್ರತಿ ಸಲವೂ ಅವರು ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಎಡಗಣ್ಣಿನಿಂದ ನೋಡಬೇಕಾಗುತ್ತಿತ್ತು.

ಆದರೂ ಕೆಲವೇ ವಾರಗಳಲ್ಲಿ ಅವರು ಮತ್ತೆ ಮಂಜುಗಡ್ಡೆಗೆ ಇಳಿದರು. ಕಾಣದ ಕಣ್ಣಿನ ಬಗ್ಗೆ ಕೊರಗುವುದು ಬಿಟ್ಟು, ಕಾಣುವ ಕಣ್ಣಿನಿಂದ ಏನು ಸಾಧ್ಯ ಎಂದು ನೋಡಲು ತೀರ್ಮಾನಿಸಿದೆ ಎಂದು ಅವರು ಮುಂದೆ ಹಲವು ಸಲ ಹೇಳಿದ್ದಾರೆ. ಈ ಗುಟ್ಟು ಗೊತ್ತಿದ್ದದ್ದು ಅವರ ಅಕ್ಕ ಮತ್ತು ಒಬ್ಬ ಆಪ್ತ ಗೆಳೆಯನಿಗೆ ಮಾತ್ರ. ಒಂದು ಕಣ್ಣು ಕಾಣದವರು ಎನ್‌ಎಚ್‌ಎಲ್‌ನಲ್ಲಿ ಆಡುವಂತಿರಲಿಲ್ಲ. ಗುಟ್ಟು ಹೊರಬಿದ್ದಿದ್ದರೆ ಅಂದೇ ಅವರ ಕಥೆ ಮುಗಿಯುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಾಯವನ್ನು ಮುಚ್ಚಿಟ್ಟು ಆಡುವುದು ಅನುಸರಿಸಬೇಕಾದ ಮಾದರಿಯಲ್ಲ. ಆ ನಿಯಮ ಇದ್ದದ್ದು ಆಟಗಾರನಿಗೆ ಉಳಿದಿರುವ ಒಂದು ಕಣ್ಣನ್ನಾದರೂ ಕಾಪಾಡುವುದಕ್ಕೆ. ಓರೀ ತೆಗೆದುಕೊಂಡದ್ದು ದೊಡ್ಡ ಅಪಾಯ. ಅದನ್ನು ಅವರ ಆತ್ಮಸ್ಥೈರ್ಯ ಎಂದು ಮೆಚ್ಚಿಕೊಳ್ಳೋಣ, ಆದರೆ ನಮ್ಮ ಕ್ರೀಡಾಪಟುಗಳು ನೋವು ಇದ್ದರೆ ದೈಹಿಕ ಶಿಕ್ಷಕರ ಬಳಿ ಹೇಳಿಯೇ ಆಡಲಿ.

ಹಿಂದಿನ ಸೀಟಿನ ಪ್ರಯಾಣ

1956ರಲ್ಲಿ ಒಂದು ಬೇಸ್‌ಬಾಲ್ ತಂಡ ಓರೀ ಅವರನ್ನು ಆಯ್ಕೆ ಶಿಬಿರಕ್ಕೆಂದು ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯಕ್ಕೆ ಕರೆಸಿತು. ಅಟ್ಲಾಂಟಾದಲ್ಲಿ ವಿಮಾನ ಇಳಿದಾಗಲೇ ಅವರಿಗೆ ಕಂಡದ್ದು ಬಿಳಿಯರಿಗೆ ಒಂದು, ಕಪ್ಪು ಜನರಿಗೆ ಇನ್ನೊಂದು ಎಂದು ಫಲಕ ಹಾಕಿದ ಶೌಚಾಲಯಗಳು. ಶಿಬಿರದಲ್ಲಿ ಆಯ್ಕೆಯಾಗಲಿಲ್ಲ. ಬಸ್ಸಿನಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿ ಊರಿಗೆ ಮರಳಿದರು. ದಕ್ಷಿಣದಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಿದ್ದವರು, ಬಸ್ಸು ಉತ್ತರಕ್ಕೆ ಸಾಗಿದ ಹಾಗೆ ಸ್ವಲ್ಪ ಸ್ವಲ್ಪವೇ ಮುಂದಿನ ಸೀಟುಗಳಿಗೆ ಬಂದರು. ಊರು ಮುಟ್ಟುವ ಹೊತ್ತಿಗೆ ಬೇಸ್‌ಬಾಲ್ ಬಿಟ್ಟು ಹಾಕಿಯನ್ನೇ ಹಿಡಿಯುವುದೆಂದು ನಿಶ್ಚಯಿಸಿದ್ದರು. ಅದೇ ವರ್ಷ ಕ್ವಿಬೆಕ್ ಏಸಸ್ ಎಂಬ ವೃತ್ತಿಪರ ತಂಡ ಸೇರಿದರು. ಎನ್‌ಎಚ್‌ಎಲ್‌ಗೆ ಒಂದೇ ಮೆಟ್ಟಿಲು ಕೆಳಗಿನ ತಂಡಗಳಲ್ಲಿ ಅದೂ ಒಂದು.

1958ರ ಜನವರಿ 18

ಆ ದಿನ ಬಾಸ್ಟನ್ ಬ್ರೂಯಿನ್ಸ್ ತಂಡದಲ್ಲಿ ಒಬ್ಬರಿಗೆ ಗಾಯವಾಗಿ ಸ್ಥಾನ ಖಾಲಿಯಿತ್ತು. ಕ್ವಿಬೆಕ್‌ನಿಂದ ಓರೀ ಅವರನ್ನು ಕರೆಸಿಕೊಂಡರು. ಪಂದ್ಯ ನಡೆದದ್ದು ಮಾಂಟ್ರಿಯಲ್ ಫೋರಂ ಕ್ರೀಡಾಂಗಣದಲ್ಲಿ, ಆಗಿನ ಬಲಿಷ್ಠ ತಂಡ ಮಾಂಟ್ರಿಯಲ್ ಕೆನೇಡಿಯನ್ಸ್ ವಿರುದ್ಧ. ಬಾಸ್ಟನ್ 3–0 ಅಂತರದಲ್ಲಿ ಗೆದ್ದಿತು. ಎನ್‌ಎಚ್‌ಎಲ್ ಸ್ಥಾಪನೆಯಾಗಿ 40 ವರ್ಷಗಳ ಬಳಿಕ ಮೊದಲ ಬಾರಿಗೆ ಒಬ್ಬ ಕಪ್ಪು ಆಟಗಾರ ಅದರಲ್ಲಿ ಆಡಿದ್ದರು. ರಾಬಿನ್ಸನ್ ಬಂದಾಗ ಇಡೀ ದೇಶವೇ ಮಾತಾಡಿಕೊಂಡಿತ್ತು. ಓರೀ ಬಂದಾಗ ಪತ್ರಿಕೆಗಳಲ್ಲಿ ಅಂಥ ದೊಡ್ಡ ಸುದ್ದಿಯೇನೂ ಆಗಲಿಲ್ಲ. ಎರಡು ಪಂದ್ಯ ಆಡಿಸಿ ಅವರನ್ನು ಕ್ವಿಬೆಕ್‌ಗೆ ಹಿಂದಕ್ಕೆ ಕಳುಹಿಸಿದರು.

ಮತ್ತೆ ಕರೆ ಬಂದದ್ದು 1960–61ರ ಸಾಲಿನಲ್ಲಿ. ಈ ಸಲ 43 ಪಂದ್ಯ ಆಡಿದರು. 1961ರ ಹೊಸ ವರ್ಷದ ದಿನ ಬಾಸ್ಟನ್‌ನಲ್ಲಿ, ಅದೇ ಮಾಂಟ್ರಿಯಲ್ ವಿರುದ್ಧ, ತಮ್ಮ ಮೊದಲ ಗೋಲು ಹೊಡೆದರು. ತಂಡವನ್ನು 3–2ರಿಂದ ಗೆಲ್ಲಿಸಿದ್ದು ಆ ಗೋಲು. ಪ್ರೇಕ್ಷಕರು ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಎಲ್ಲ ಊರುಗಳಲ್ಲಿ ಚಪ್ಪಾಳೆ ಸಿಗಲಿಲ್ಲ. ಕೆನಡಾದ ಎರಡು ನಗರಗಳಿಗಿಂತ ಅಮೆರಿಕದ ನಗರಗಳಲ್ಲಿ ಬೈಗುಳ ಹೆಚ್ಚಿತ್ತು. ಶಿಕಾಗೋದಲ್ಲಿ ಒಬ್ಬ ಎದುರಾಳಿ ಬೈದು, ಕೋಲಿನ ಹಿಂತುದಿಯಿಂದ ಅವರ ಮುಖಕ್ಕೆ ತಿವಿದ. ಮುಂದಿನ ಎರಡು ಹಲ್ಲು ಹೋದವು, ಮೂಗು ಮುರಿಯಿತು. ಓರೀ ಕೂಡ ಸುಮ್ಮನಿರಲಿಲ್ಲ, ಕೋಲಿನಿಂದಲೇ ತಿರುಗಿ ಹೊಡೆದರು. ದೊಡ್ಡ ಗಲಾಟೆಯಾಯಿತು. ಅವರೇನೂ ಎಲ್ಲವನ್ನೂ ನುಂಗಿಕೊಂಡು ಕೂತ ಸಂತರಲ್ಲ. ಆದರೆ ಮುಂದೆ ಒಂದು ನಿಯಮ ಹಾಕಿಕೊಂಡರು: ಬಾಯಿಮಾತಿಗೆ ಕೈ ಎತ್ತುವುದಿಲ್ಲ, ಮೈಮೇಲೆ ಬಂದರೆ ಮಾತ್ರ ಎದುರಿಸುವುದು. ತಾನು ಜಗಳದಿಂದ ಹೊರಬಿದ್ದರೆ ಬೈದವರಿಗೇ ಗೆಲುವು ಎಂಬುದು ಅವರಿಗೆ ತಿಳಿದಿತ್ತು.

ಆ ಸಾಲು ಮುಗಿದಾಗ, ಮುಂದಿನ ವರ್ಷವೂ ತಂಡದಲ್ಲಿ ಇರುತ್ತೀರಿ ಎಂಬ ಮಾತು ಅವರಿಗೆ ಸಿಕ್ಕಿತ್ತು. ಆ ಮಾತು ಉಳಿಯಲಿಲ್ಲ. ಅವರನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಎನ್‌ಎಚ್‌ಎಲ್‌ನಲ್ಲಿ ಅವರು ಮತ್ತೆ ಆಡಲಿಲ್ಲ.

ಬಲಬದಿಗೆ ಬಂದಾಗ

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. 1961ರಲ್ಲಿ ಅವರು ಪಶ್ಚಿಮ ಕರಾವಳಿಯ ಲೀಗ್‌ಗೆ, ಲಾಸ್ ಏಂಜಲೀಸ್ ತಂಡಕ್ಕೆ ಬಂದರು. ಅಲ್ಲಿನ ತರಬೇತುದಾರ ಅವರನ್ನು ಎಡಬದಿಯಿಂದ ಬಲಬದಿಗೆ ಬದಲಾಯಿಸಿದರು. ಈಗ ಪಾಸೂ ಡಿಕ್ಕಿಯೂ ಬರುವುದು ಎಡಗಡೆಯಿಂದ, ಅಂದರೆ ಕಾಣುವ ಕಣ್ಣಿನ ಕಡೆಯಿಂದ. ಕತ್ತು ತಿರುಗಿಸುವ ಅಗತ್ಯ ಕಡಿಮೆಯಾಯಿತು. ಆಟ ಬದಲಾಯಿತು. 1964–65ರಲ್ಲಿ ಒಂದೇ ಸಾಲಿನಲ್ಲಿ 38 ಗೋಲು ಹೊಡೆದರು.

ಆಟಗಾರ ಅದೇ, ಕಣ್ಣು ಅದೇ. ಬದಲಾದದ್ದು ನಿಲ್ಲುವ ಜಾಗ ಮಾತ್ರ. ಈ ಬದಲಾವಣೆ ಬಾಸ್ಟನ್‌ನಲ್ಲೇ ಆಗಿದ್ದರೆ ಅವರ ಅಂಕಪಟ್ಟಿ ಬೇರೆಯೇ ಇರುತ್ತಿತ್ತೇನೋ.

1967ರಲ್ಲಿ ಸ್ಯಾನ್ ಡಿಯಾಗೋ ತಂಡ ಸೇರಿ ಆ ಊರಿನ ಅಚ್ಚುಮೆಚ್ಚಿನ ಆಟಗಾರರಾದರು. 1979ರಲ್ಲಿ, 43ನೇ ವಯಸ್ಸಿನಲ್ಲಿ, ಕೋಲು ಕೆಳಗಿಟ್ಟರು. ಅಲ್ಲಿಯವರೆಗೆ ಆಡಿದ್ದೆಲ್ಲ ಒಂದೇ ಕಣ್ಣಿನಲ್ಲಿ. ಆಮೇಲೆ ಹೊಟ್ಟೆಪಾಡಿಗೆ ಕಟ್ಟಡ ಕೆಲಸ, ಕಾರು ಮಾರಾಟ ಹೀಗೆ ಬೇರೆ ಬೇರೆ ಕೆಲಸ ಮಾಡಿದರು. ಸ್ಯಾನ್ ಡಿಯಾಗೋ ಬಳಿಯ ಒಂದು ಹೋಟೆಲಿನಲ್ಲಿ ಭದ್ರತಾ ಸಿಬ್ಬಂದಿಯಾಗಿದ್ದರು. ದಿನವೂ ಅವರ ಎದುರು ಹಾದುಹೋಗುತ್ತಿದ್ದ ಅತಿಥಿಗಳಲ್ಲಿ ಅವರು ಯಾರೆಂದು ತಿಳಿದವರು ಎಷ್ಟು ಜನರಿದ್ದರೋ.

ಮೊದಲಿಗ ಬಂದ ಮೇಲೆ ಎರಡನೆಯವರು ಯಾವಾಗ?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಓರೀ ಅವರ ಬಳಿಕ ಎನ್‌ಎಚ್‌ಎಲ್‌ಗೆ ಬಂದ ಮುಂದಿನ ಕಪ್ಪು ಆಟಗಾರ ಮೈಕ್ ಮಾರ್ಸನ್. ಅವರು ವಾಷಿಂಗ್ಟನ್ ತಂಡ ಸೇರಿದ್ದು 1974ರಲ್ಲಿ. ಓರೀ ಕೊನೆಯ ಪಂದ್ಯ ಆಡಿದ 13 ವರ್ಷಗಳ ಮೇಲೆ! ಅಷ್ಟರಲ್ಲಿ ತಂಡಗಳ ಸಂಖ್ಯೆ ಆರರಿಂದ ಹದಿನೆಂಟಕ್ಕೆ ಏರಿತ್ತು.

ಒಬ್ಬರು ಬಾಗಿಲು ತೆರೆದರೆ ಉಳಿದವರೆಲ್ಲ ತಾವಾಗಿಯೇ ಒಳಗೆ ಬರುತ್ತಾರೆ ಎಂದು ನಾವು ತಿಳಿಯುತ್ತೇವೆ. ಅದು ಹಾಗಲ್ಲ. ಸ್ಕೇಟ್, ರಕ್ಷಾಕವಚ, ಕೋಲು ಎಲ್ಲಕ್ಕೂ ದುಡ್ಡು ಬೇಕು. ಅಂಗಣದಲ್ಲಿ ಸಮಯ ಸಿಗಬೇಕು. ಕಲಿಸುವವರು ಬೇಕು. ಎಲ್ಲಕ್ಕಿಂತ ಮೊದಲು ಇದು ನನ್ನಂಥವನ ಆಟವೂ ಹೌದು ಎಂದು ಮಗುವಿಗೆ ಅನಿಸಬೇಕು. ಇವೆಲ್ಲ ಇಲ್ಲದಿದ್ದರೆ ತೆರೆದ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

ಓರೀ ಅವರ ನಿಜವಾದ ದೊಡ್ಡ ಕೆಲಸ ಶುರುವಾದದ್ದು ಇಲ್ಲಿಂದ. 1998ರಲ್ಲಿ, ಅರವತ್ತು ದಾಟಿದ ಮೇಲೆ, ಎನ್‌ಎಚ್‌ಎಲ್ ಅವರನ್ನು ಕರೆದು ಮಕ್ಕಳಿಗೆ ಹಾಕಿ ತಲುಪಿಸುವ ಹೊಣೆ ಕೊಟ್ಟಿತು. ಹಾಕಿ ಎಲ್ಲರದು ಎಂಬ ಯೋಜನೆಯಡಿ ಅವರು ಅಮೆರಿಕ ಮತ್ತು ಕೆನಡಾದ ಊರೂರು ತಿರುಗಿದರು. ಬಡ ಮಕ್ಕಳಿಗೆ, ಕಪ್ಪು ಮಕ್ಕಳಿಗೆ, ವಲಸಿಗರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸ್ಕೇಟ್ ಕಟ್ಟಿಕೊಳ್ಳುವ ಅವಕಾಶ ಮಾಡಿಕೊಟ್ಟರು. ಲೀಗ್‌ನ ಲೆಕ್ಕದಂತೆ ಅವರು ತಲುಪಿದ ಮಕ್ಕಳ ಸಂಖ್ಯೆ ಲಕ್ಷ ಮೀರುತ್ತದೆ.

ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 'ಆಟಗಾರ' ಎಂಬ ವಿಭಾಗದಲ್ಲಿ ಅಲ್ಲ, ಆಟವನ್ನು 'ಕಟ್ಟಿದವರು' ಎಂಬ ವಿಭಾಗದಲ್ಲಿ. ನಾಲ್ಕು ಗೋಲಿನ ಪ್ರಶ್ನೆಗೆ ಇದೇ ಉತ್ತರ. 2008ರಲ್ಲಿ ಹುಟ್ಟೂರಿನ ಹೊಸ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. 2022ರ ಜನವರಿ 18ರಂದು, ಮೊದಲ ಪಂದ್ಯ ಆಡಿ ಸರಿಯಾಗಿ 64 ವರ್ಷ ತುಂಬಿದ ದಿನ, ಬಾಸ್ಟನ್ ತಂಡ ಅವರ 22ನೇ ಸಂಖ್ಯೆಯನ್ನು ತನ್ನ ಅಂಗಣದ ಛಾವಣಿಗೆ ಏರಿಸಿತು. ಅದೇ ತಿಂಗಳ ಕೊನೆಯಲ್ಲಿ, ಅಮೆರಿಕದ ಸಂಸತ್ತು ನೀಡುವ ಚಿನ್ನದ ಪದಕವನ್ನು ಅವರಿಗೆ ಕೊಡುವ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು.

ನಮಗೇನು?

ನಮ್ಮಲ್ಲಿ ಅನೇಕರು ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಮನೆಯ ಮೊದಲ ವಿಜ್ಞಾನ ವಿದ್ಯಾರ್ಥಿನಿ, ಬೀದಿಯ ಮೊದಲ ಪದವೀಧರ ಆಗಲಿರುವವರೂ ನಮ್ಮ ತರಗತಿಗಳಲ್ಲಿ ಇದ್ದಾರೆ. ಮೊದಲಿಗರಾಗುವುದು ಹೆಮ್ಮೆಯ ವಿಷಯವೇ. ಅಲ್ಲಿಗೆ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಓರೀ ಅವರ ಬದುಕು ತೋರಿಸುತ್ತದೆ. ಅರ್ಜಿ ತುಂಬುವುದು ಹೇಗೆ, ವಿದ್ಯಾರ್ಥಿವೇತನ ಎಲ್ಲಿ ಸಿಗುತ್ತದೆ, ಯಾವ ಪರೀಕ್ಷೆಗೆ ಯಾವಾಗಿನಿಂದ ಓದಬೇಕು ಎಂದು ನೀವು ಕಷ್ಟಪಟ್ಟು ತಿಳಿದುಕೊಂಡದ್ದನ್ನು ಪಕ್ಕದ ಮನೆಯ ತಂಗಿಗೆ, ತಮ್ಮನಿಗೆ ಕೂತು ಹೇಳಿಕೊಟ್ಟರೆ ಅವರು 13 ವರ್ಷ ಕಾಯಬೇಕಾಗಿಲ್ಲ.

1962ರಲ್ಲಿ ಲಾಸ್ ಏಂಜಲೀಸ್‌ನ ಒಂದು ಸಮಾರಂಭದಲ್ಲಿ ಜಾಕಿ ರಾಬಿನ್ಸನ್ ಮತ್ತು ವಿಲ್ಲಿ ಓರೀ ಮತ್ತೆ ಭೇಟಿಯಾದರು. ನ್ಯೂಯಾರ್ಕ್‌ನಲ್ಲಿ ಕೈ ಕುಲುಕಿದ ಹುಡುಗ ನೀನೇ ಅಲ್ಲವೇ ಎಂದು ರಾಬಿನ್ಸನ್ ಕೇಳಿದರಂತೆ. 13 ವರ್ಷ ಕಳೆದಿದ್ದರೂ ಅವರು ಮರೆತಿರಲಿಲ್ಲ. ಮುಂದೆ ಊರೂರಿನ ಮಕ್ಕಳ ಜೊತೆ ಮಂಜುಗಡ್ಡೆಯ ಮೇಲೆ ನಿಂತಾಗಲೆಲ್ಲ ಓರೀ ಮಾಡಿದ್ದೂ ಅದನ್ನೇ: ಒಂದೊಂದು ಮಗುವಿನ ಹೆಸರು ಕೇಳುವುದು, ಕೈ ಕುಲುಕುವುದು, ನಿನ್ನಿಂದ ಆಗುತ್ತದೆ ಎಂದು ಹೇಳುವುದು.